ಡಬ್ಬದ ಸಾಲು

ಹೊಸಹೊಳಲು
12 ಸೆಪ್ಟೆಂಬರ್ 2024

ತಂಗಿ ಚಂದ್ರಕಲಾಳಿಗೆ ಅಕ್ಕನ ಆಶೀರ್ವಾದ.

ಕ್ಷೇಮ ಸಮಾಚಾರ ಆಮೇಲೆ, ಮೊದಲು ಜಗಳ. ಗಣೇಶನ ಹಬ್ಬಕ್ಕೆ ನಿಮ್ಮ ಬಾಬುರಾಯನಕೊಪ್ಪಲಿಗೆ ಬಂದಿದ್ದಾಗ, ಊಟವಾದ ಮೇಲೆ ನಾವಿಬ್ಬರೂ ಒಂದೇ ಮಂಚದ ಮೇಲೆ ಒಂದು ಗಳಿಗೆ ಅಡ್ಡಾದೆವಲ್ಲ. ಅಕ್ಕ ಕಿವುಡಿ, ನಾನು ಕೆಮ್ಮಿದರೆ ಅವಳಿಗೇನು ಗೊತ್ತಾಗುತ್ತದೆ ಅಂದುಕೊಂಡೆ ನೀನು. ಕೆಮ್ಮು ಕಿವಿಗೆ ಬೀಳದಿದ್ದರೇನಾಯಿತು, ಮಂಚ ಅಲುಗುವುದು ಬೆನ್ನಿಗೆ ತಿಳಿಯುವುದಿಲ್ಲವೇ? ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ನೀನು ಸೆರಗನ್ನು ಬಾಯಿಗೆ ತುರುಕಿಕೊಂಡು ಕೆಮ್ಮುತ್ತಿದ್ದೆ. ಒಡಹುಟ್ಟಿದವಳ ಪಕ್ಕದಲ್ಲಿ ಕದ್ದು ಕೆಮ್ಮುವ ಕಾಲ ಬಂತಲ್ಲ ತಾಯಿ ನಿನಗೆ.

ಊರಿಗೆ ಬಂದಾಗಿನಿಂದ ಅದೇ ಯೋಚನೆ. ಮಗ ಕೃಷ್ಣನ ಕೈಲಿ ನಿನಗೆ ಫೋನು ಮಾಡಿಸಿದೆ. ಅವನು ನನ್ನ ಮುಂದೆ ಕೂತು ತುಟಿ ಅಗಲಿಸಿ ಹೇಳಿದ: "ಚಿಕ್ಕವ್ವ ಚೆನ್ನಾಗವ್ಳಂತೆ, ಬರೀ ಇಟ್ಟಿನ ಧೂಳಂತೆ ಕಣವ್ವ." ಬರೀ ಧೂಳಂತೆ! ನಿನ್ನ ಹಿಟ್ಟಿನ ಮಿಲ್ಲಿನ ಮುಂದೆ ನಿಂತವರಿಗೆ ಅದು ಧೂಳು. ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಉಸಿರಾಡುವವಳಿಗೆ ಅದು ಧೂಳಲ್ಲ.

ಪಾಂಡವಪುರದ ಆಸ್ಪತ್ರೆಗೆ ಹೋಗಿ ತೋರಿಸು. ದಸರಾಕ್ಕೆ ಇಲ್ಲಿಗೆ ಬಂದು ದೀಪಾವಳಿ ಮುಗಿಸಿಕೊಂಡು ಹೋಗು. ನಿನ್ನ ಗಂಡ ತಿಮ್ಮೇಶಪ್ಪ ತೀರಿಕೊಂಡ ಮೇಲೆ ನೀನು ನಮ್ಮ ಮನೆಯಲ್ಲಿ ಒಂದು ಹಬ್ಬದ ಊಟ ಮಾಡಿಲ್ಲ. ಪ್ರತಿ ಸಲವೂ ನಾನೇ ಬರಬೇಕು, ನಾನೇ ಹೋಗಬೇಕು. ನನಗೂ ವಯಸ್ಸಾಯಿತು, ಮಂಡಿ ನೋಯುತ್ತದೆ.

ಫೋನು ನನ್ನ ಕಿವಿಗೆ ಆಗದು ಎಂಬ ನೆಪದಲ್ಲಿ ಉತ್ತರ ತಪ್ಪಿಸಿಕೊಳ್ಳಬೇಡ. ಕಾಗದ ಬರೆ.

ನಿನ್ನ ಅಕ್ಕ,
ಅಣ್ಣಮ್ಮ


ಬಾಬುರಾಯನಕೊಪ್ಪಲು
20 ಸೆಪ್ಟೆಂಬರ್ 2024

ಅಕ್ಕನಿಗೆ ಚಂದ್ರಿಯ ನಮಸ್ಕಾರ.

ಕಾಗದ ತಲುಪಿತು. ಅರ್ಧ ಓದುವಷ್ಟರಲ್ಲಿ ನಾಲ್ಕು ಜನ ರಾಗಿ ತಂದರು, ಮಿಕ್ಕರ್ಧ ಓದುವಷ್ಟರಲ್ಲಿ ಕರೆಂಟು ಬಂತು. ನಮ್ಮಲ್ಲಿ ಕರೆಂಟು ಬಂದರೆ ಊಟದ ತಟ್ಟೆ ಬಿಟ್ಟು ಏಳಬೇಕು ಅಂತ ನಿನಗೆ ಗೊತ್ತಲ್ಲ. ವಾಟ್ಸಾಪಿನಲ್ಲಿ ಬರೆದರೆ ಆಗದೇ ಎನ್ನುತ್ತಾನೆ ಕೃಷ್ಣ. ನನ್ನ ಬೆರಳಿಗೆ ಯಾವಾಗಲೂ ಹಿಟ್ಟು, ಆ ಗಾಜು ನನ್ನ ಬೆರಳನ್ನು ಬೆರಳು ಅಂತಲೇ ಒಪ್ಪುವುದಿಲ್ಲ. ಪೆನ್ನು ಪಾಪ ಏನೂ ಅನ್ನುವುದಿಲ್ಲ.

ನಾನು ಬರುವುದು ಹೇಗೆ ಹೇಳು. ದಸರಾ ರಜದಲ್ಲಿ ಊರಿನ ಹೆಣ್ಣುಮಕ್ಕಳೆಲ್ಲ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬರುತ್ತಾರೆ, ಹೋಗುವಾಗ ಚಕ್ಕುಲಿ ಹಿಟ್ಟು, ಸಾರಿನ ಪುಡಿ ಕಟ್ಟಿಸಿಕೊಂಡು ಹೋಗುತ್ತಾರೆ. ಅದಾದ ಮೇಲೆ ದೀಪಾವಳಿಯ ಕಜ್ಜಾಯಕ್ಕೆ ನೆನೆಸಿದ ಅಕ್ಕಿ. ಒದ್ದೆ ಅಕ್ಕಿ ಬಿಟ್ಟರೆ ಹುಳಿ ಬರುತ್ತದೆ, ತಂದ ತಕ್ಷಣ ಬೀಸಿ ಕೊಡಬೇಕು. ಎಲ್ಲರಿಗೂ ರಜ ಬಂದಾಗಲೇ ನನಗೆ ಕೆಲಸ. ಈಗ ಮೈಸೂರು ರಸ್ತೆಯಲ್ಲಿ ದೊಡ್ಡ ಮಿಲ್ಲು ಬೇರೆ ಆಗಿದೆ, ಕೂರಲು ಕುರ್ಚಿ, ಮೇಲೆ ಫ್ಯಾನು. ನಾನು ಬಾಗಿಲು ಹಾಕಿದರೆ ಜನ ಅಲ್ಲಿಗೆ ಹೋಗುತ್ತಾರೆ. ಹೋದವರು ಯಾಕೆ ತಿರುಗಿ ಬರುತ್ತಾರೆ?

ನಿನ್ನೆ ಇಲ್ಲೊಂದು ಯುದ್ಧವೇ ಆಯಿತು. ನಮ್ಮ ಮಿಲ್ಲಿನ ಕಟ್ಟಳೆ ನಿನಗೆ ನೆನಪಿರಬೇಕು: ಡಬ್ಬ ಸಾಲಿನಲ್ಲಿಟ್ಟು ಮನೆಗೆ ಹೋಗಬಹುದು, ಸಾಲು ಮುಂದೆ ಸರಿದಾಗ ಹಿಂದಿನವರು ಅದನ್ನೂ ಮುಂದಕ್ಕೆ ಸರಿಸಬೇಕು. ಬೆಟ್ಟಮ್ಮ ಡಬ್ಬ ಇಟ್ಟು ಹಸುವಿಗೆ ಹುಲ್ಲು ಹಾಕಲು ಹೋಗಿದ್ದಳು. ಹಿಂದಿದ್ದ ಮಾಯಮ್ಮ ಅದನ್ನು ಅಲ್ಲೇ ಬಿಟ್ಟು ತನ್ನದನ್ನು ಮುಂದೆ ತಂದಳು. ಬೆಟ್ಟಮ್ಮ ಬಂದು ನೋಡಿ ಹಿಡಿದ ಪಟ್ಟು ಬಿಡಲಿಲ್ಲ. "ಇಲ್ದೋರ್ ಡಬ್ಬ ತಳ್ದೆ ಇರೋಳು, ನಾಳೆ ಇಲ್ದೋರ್ ಹೆಣ ಎತ್ತೀಯಾ ನೀನು?" ಎಂದುಬಿಟ್ಟಳು. ಜಗಲಿಯ ಮೇಲೆ ಪೇಪರು ಓದುತ್ತಿದ್ದ ಸರೋಜ ಟೀಚರು ಎದ್ದು ಇಬ್ಬರ ಡಬ್ಬವನ್ನೂ ಅಕ್ಕಪಕ್ಕ ಇಟ್ಟು ತೀರ್ಪು ಕೊಟ್ಟರು. ಅವರು ಗೊತ್ತಲ್ಲ, ಶ್ರೀರಂಗಪಟ್ಟಣದ ದೇವಸ್ಥಾನದ ಕಡೆಯ ಮನೆತನದವರು, ನಮ್ಮೂರ ಸ್ಕೂಲಿನಲ್ಲಿ ಪಾಠ ಹೇಳಿ ರಿಟೈರಾದವರು. ಇವತ್ತಿಗೂ ಗೋಧಿ ಹಾಕಿಸಲು ಇಲ್ಲಿಗೇ ಬರುತ್ತಾರೆ, ಹಿಟ್ಟಾದ ಮೇಲೂ ಎದ್ದು ಹೋಗುವುದಿಲ್ಲ.

ಇಂಥ ಮಿಲ್ಲು ಬಿಟ್ಟು ಬಾ ಎನ್ನುತ್ತೀಯಲ್ಲ.

ಕೆಮ್ಮು ಕಡಿಮೆಯಾಗಿದೆ. ನಿನ್ನ ಮಂಡಿಗೆ ಎಳ್ಳೆಣ್ಣೆ ಹಚ್ಚಿಕೋ.

ಚಂದ್ರಿ


ಹೊಸಹೊಳಲು
27 ಸೆಪ್ಟೆಂಬರ್ 2024

ಚಂದ್ರಿಗೆ,

ಕೆಮ್ಮು ಕಡಿಮೆಯಾಗಿದೆ ಎಂದು ಬರೆದಿದ್ದೀಯೆ. ಅದೇ ಸಾಲಿನಲ್ಲಿ ಅಕ್ಷರ ಎರಡು ಕಡೆ ಜಾರಿದೆ. ಬರೆಯುವಾಗ ಕೆಮ್ಮಿದೆಯಲ್ಲವೇ?

ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದು ಅಂದುಕೊಂಡಿದ್ದ ಮುದುಕಿಯ ಕಥೆ ಅವ್ವ ನಮಗೆ ಎಷ್ಟು ಸಲ ಹೇಳಿಲ್ಲ. ಅವಳು ಕೋಳಿ ಎತ್ತಿಕೊಂಡು ಕಾಡಿಗೆ ಹೋದಳು, ಊರಿಗೆ ಬೆಳಗಾಗಿಯೇ ಆಯಿತು. ನೀನಾದರೋ ಕೋಳಿ ಬಿಟ್ಟು ಹೊಸಿಲೂ ದಾಟುವವಳಲ್ಲ.

ಒಂದು ಮಾತು ಕೇಳುತ್ತೇನೆ, ಯೋಚನೆ ಮಾಡಿ ಉತ್ತರ ಬರೆ. ಆಯುಧಪೂಜೆಯ ದಿನ ಮಿಷನ್ನಿಗೆ ಮೈ ತೊಳೆಯುತ್ತೀಯೆ, ವಿಭೂತಿ ಬಳಿಯುತ್ತೀಯೆ, ಹೂವು ಮುಡಿಸುತ್ತೀಯೆ, ಬೂದುಗುಂಬಳ ಒಡೆಯುತ್ತೀಯೆ. ಆವತ್ತು ಅದರ ಸ್ವಿಚ್ಚು ಯಾರೂ ಮುಟ್ಟಕೂಡದು, ಅದು ದಣಿದಿದೆ ಎನ್ನುತ್ತೀಯೆ. ಕಬ್ಬಿಣಕ್ಕೆ ದಣಿವುಂಟು ಎಂದು ಒಪ್ಪುವವಳು ನಿನ್ನ ಮೈಗೆ ಯಾಕೆ ಒಪ್ಪುವುದಿಲ್ಲ?

ಅಣ್ಣಮ್ಮ


ಬಾಬುರಾಯನಕೊಪ್ಪಲು
8 ಅಕ್ಟೋಬರ್ 2024

ಅಕ್ಕನಿಗೆ,

ಪಾಂಡವಪುರಕ್ಕೆ ಹೋಗಿ ಬಂದೆ. ಸರೋಜ ಟೀಚರು ಜೊತೆಗೆ ಬಂದರು. ಡಾಕ್ಟರು ಎದೆಯ ಫೋಟೋ ತೆಗೆಸಿ ನೋಡಿದರು. ಚಿಕ್ಕ ವಯಸ್ಸಿನ ಹುಡುಗಿ, ಏನೂ ಬೈಯಲಿಲ್ಲ, ಅದಕ್ಕೇ ಹೆದರಿಕೆಯಾಯಿತು. ಹಿಟ್ಟು ಉಸಿರಿನ ಕೊಳವೆಯಲ್ಲಿ ಕೂತುಬಿಟ್ಟಿದೆಯಂತೆ. ಒಂದು ತಿಂಗಳಾದರೂ ಮಿಲ್ಲಿನ ಕಡೆ ತಲೆ ಹಾಕಬಾರದಂತೆ. ಈಗ ಬಿಡುವು ಮಾಡಿಕೊಂಡರೆ ಮುಂದೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಷ್ಟಿಷ್ಟು ಹೊತ್ತು ಮಿಲ್ಲು ನಡೆಸಬಹುದಂತೆ. ಈಗ ಬಿಡದಿದ್ದರೆ ವರ್ಷದೊಳಗೆ ಪೂರ್ತಿ ಬಿಡಬೇಕಾಗುತ್ತದೆ ಎಂದರು.

ಬಸ್ಸು ಇಳಿಯುವಾಗ ಟೀಚರು, "ನೀವು ಹೋಗಿ ಬನ್ನಿ, ನಾವು ಎಲ್ಲಿಗೂ ಹೋಗುವುದಿಲ್ಲ" ಎಂದರು. ಅವರು ಹೋಗುವುದಿಲ್ಲ, ಸರಿ. ಮಿಕ್ಕವರು? ರಾಗಿ ಹಿಟ್ಟು ಮುಗಿದ ಮನೆಯಲ್ಲಿ ನನ್ನ ನೆನಪಿನಿಂದ ಮುದ್ದೆ ತೊಳಸಲು ಆಗುತ್ತದೆಯೇ?

ಆಯುಧಪೂಜೆ ಮುಗಿಸಿ ಹೊರಡುತ್ತೇನೆ. ಮಿಲ್ಲಿಗೆ ಬೀಗ ಹಾಕಿ ಕೀಲಿಯನ್ನು ಮಾಯಮ್ಮನಿಗೆ ಕೊಡುತ್ತೇನೆ, ಸಂಜೆ ದೀಪ ಹಚ್ಚಲಿ ಎಂದು, ಅಷ್ಟಕ್ಕೇ. ನನ್ನ ಮನಸ್ಸಿನಲ್ಲಿರುವುದು ಹೇಳಿಬಿಡಲೇ? ತಿರುಗಿ ಬಂದಾಗ ಬೀಗ ತೆಗೆಯಲು ಕೈ ಇರುತ್ತದೆ, ಜಗಲಿಯ ಮೇಲೆ ಕೂರಲು ಜನ ಇರುವುದಿಲ್ಲ.

ಶನಿವಾರದ ಬಸ್ಸಿಗೆ ಬರುತ್ತೇನೆ. ಕೃಷ್ಣನನ್ನು ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿಗೆ ಕಳಿಸು.

ಚಂದ್ರಿ


ಹೊಸಹೊಳಲು
21 ಅಕ್ಟೋಬರ್ 2024

ಸರೋಜ ಟೀಚರಿಗೆ ಚಂದ್ರಕಲ ಮಾಡುವ ನಮಸ್ಕಾರಗಳು.

ಫೋನು ಮಾಡಿ ಸಾಕಾಗಿ ನೀವು ಬೈದುಕೊಂಡಿರಬೇಕು. ಬಂದ ದಿನವೇ ನಮ್ಮಕ್ಕ ಫೋನು ಕಿತ್ತುಕೊಂಡು ಅಕ್ಕಿ ಮೂಟೆಯೊಳಗೆ ಹೂತಿಟ್ಟಿದ್ದಾಳೆ. ಅದು ಅಲ್ಲೇ ಗುರ್ ಅಂದು ಅಂದು ಸತ್ತುಹೋಯಿತು. ಅವಳಿಗೆ ಕೇಳಿಸುವುದಿಲ್ಲ, ನನಗೆ ಎತ್ತಲು ಬಿಡುವುದಿಲ್ಲ. ಅದಕ್ಕೇ ಈ ಕಾಗದ.

ಇಲ್ಲಿ ನನ್ನನ್ನು ಬಸುರಿ ಹೆಂಗಸಿನ ಹಾಗೆ ನೋಡಿಕೊಳ್ಳುತ್ತಿದ್ದಾರೆ. ಕೂತರೆ ಕಾಫಿ, ಎದ್ದರೆ "ಎಲ್ಲಿಗೆ?" ಮಧ್ಯಾಹ್ನ ಲಕ್ಷ್ಮೀನಾರಾಯಣ ದೇವಸ್ಥಾನದ ಕಟ್ಟೆಯ ಮೇಲೆ ಹೋಗಿ ಕೂರುತ್ತೇನೆ. ಆ ಗೋಡೆಯ ಕಲ್ಲಿನ ಕೆಲಸ ನೋಡಿದಾಗಲೆಲ್ಲ ನಾಗಮಂಗಲದಿಂದ ನಮ್ಮ ಬೀಸುವ ಕಲ್ಲಿಗೆ ಉಳಿ ಹೊಡೆಯಲು ಬರುವ ಹುಚ್ಚಯ್ಯ ನೆನಪಾಗುತ್ತಾನೆ. ಸಂಕ್ರಾಂತಿಗೆ ಮುಂಚೆ ಅವನಿಗೆ ಹೇಳಿ ಕಳಿಸಬೇಕು. ನೋಡಿ, ದೇವರ ಮುಂದೆ ಕೂತರೂ ಮಿಲ್ಲಿನದೇ ಧ್ಯಾನ.

ಕೆಮ್ಮು ನಿಜವಾಗಿಯೂ ಇಳಿದಿದೆ. ನಿದ್ದೆ ಮಾತ್ರ ಬರುತ್ತಿಲ್ಲ. ಅಕ್ಕ ಹೆಚ್ಚು ಮಾತಾಡುವವಳಲ್ಲ, ಮನೆ ಊರಾಚೆ, ಸುತ್ತ ಕಬ್ಬಿನ ಗದ್ದೆ. ಅಷ್ಟು ಸದ್ದಿಲ್ಲದ ಜಾಗ ನನಗೆ ಆಗುವುದಿಲ್ಲ ಟೀಚರ್. ನಮ್ಮ ಯಜಮಾನರು ತೀರಿಕೊಂಡು ತಿಥಿ ಕಳೆದ ಮಾರನೆಯ ದಿನ ಮನೆ ಹೀಗೇ ಇತ್ತು. ಆವತ್ತು ಹೋಗಿ ಮಿಷನ್ನು ಹಾಕಿದೆ. ಖಾಲಿ ಓಡಿಸಿದರೆ ಕಲ್ಲು ಸವೆಯುತ್ತದೆ ಎಂದು ಗೊತ್ತಿತ್ತು, ಆದರೂ ಓಡಿಸಿದೆ. ಸದ್ದು ಕೇಳಿ ಯಾರೋ ಡಬ್ಬ ತಂದರು, ಆಮೇಲೆ ಇನ್ನೊಬ್ಬರು. ಆವತ್ತಿನಿಂದ, ಹಬ್ಬದ ದಿನ ಬಿಟ್ಟರೆ, ನಾನು ಅದನ್ನು ನಿಲ್ಲಿಸಿರಲಿಲ್ಲ. ಅಕ್ಕ ಬಿಡುವು ಬಿಡುವು ಎನ್ನುತ್ತಾಳೆ. ಬಿಡುವು ಅಂದರೆ ನನಗೆ ಆ ದಿನವೇ ನೆನಪಾಗುವುದು, ಏನು ಮಾಡಲಿ?

ಅದಿರಲಿ. ಯಾರು ಯಾರು ರಸ್ತೆಯ ಮಿಲ್ಲಿಗೆ ಹೋಗುತ್ತಿದ್ದಾರೆ, ಮುಚ್ಚುಮರೆ ಇಲ್ಲದೆ ಬರೆಯಿರಿ. ಬೆಟ್ಟಮ್ಮ ಹೋಗಿರುತ್ತಾಳೆ, ನನಗೆ ಗೊತ್ತು.

ನಿಮ್ಮ,
ಚಂದ್ರಕಲ


ಶ್ರೀರಂಗಪಟ್ಟಣ
2 ನವೆಂಬರ್ 2024, ಬಲಿಪಾಡ್ಯಮಿ

ಚಂದ್ರಕಲಾ ಅವರಿಗೆ ಸರೋಜಳ ವಂದನೆಗಳು.

ಈ ಕಾಗದದ ಜೊತೆ ಒಂದು ಡಬ್ಬ ಚಕ್ಕುಲಿಯನ್ನೂ ಕಳಿಸಿದ್ದೇನೆ. ದಯವಿಟ್ಟು ಮೊದಲು ಕಾಗದ ಓದಿ, ಆಮೇಲೆ ಮುಚ್ಚಳ ತೆಗೆಯಿರಿ. ಮೂವತ್ತು ವರ್ಷ ಮಕ್ಕಳ ಕೈಲಿ ತಪ್ಪೊಪ್ಪಿಗೆ ಬರೆಸಿದವಳು ನಾನು, ಈಗ ನನ್ನ ಸರದಿ ಬಂದಿದೆ.

ನೀವು ಕೇಳಿದ ಪ್ರಶ್ನೆಗೆ ಉತ್ತರ: ಹೌದು, ಮೊದಲ ವಾರ ಜನ ರಸ್ತೆಯ ಮಿಲ್ಲಿಗೆ ಹೋದರು. ನಾನೂ ಒಂದು ಸಲ ಹೋದೆ. ಹಿಟ್ಟು ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಡಬ್ಬ ಕೊಟ್ಟೆ, ಹಿಟ್ಟು ಕೊಟ್ಟರು, ಮುಗಿಯಿತು. ಕುರ್ಚಿಯಲ್ಲಿ ಕೂತವರೆಲ್ಲ ಫೋನು ನೋಡುತ್ತಿದ್ದರು. ನಾನು ಪೇಪರು ಬಿಚ್ಚಿದೆ, "ಏನಂತೆ ಸುದ್ದಿ?" ಎಂದು ಕೇಳುವವರಿಲ್ಲ. ಮಡಿಚಿಟ್ಟು ಎದ್ದು ಬಂದೆ. ಹಾಗೆ ಎದ್ದು ಬಂದವರು ಬಹಳ ಜನ ಇದ್ದರೆಂದು ಆಮೇಲೆ ತಿಳಿಯಿತು, ಯಾಕೆಂದರೆ ಸಂಜೆ ಮಾಯಮ್ಮ ದೀಪ ಹಚ್ಚುವ ಹೊತ್ತಿಗೆ ಬೀಗ ಹಾಕಿದ ಮಿಲ್ಲಿನ ಜಗಲಿಯ ಮೇಲೆ ಒಬ್ಬೊಬ್ಬರಾಗಿ ಬಂದು ಕೂರತೊಡಗಿದರು. ಡಬ್ಬವಿಲ್ಲ, ಕೆಲಸವಿಲ್ಲ, ಸುಮ್ಮನೆ.

ದೀಪಾವಳಿ ಹತ್ತಿರ ಬಂತು. ಒಂದು ಸಂಜೆ ಬೆಟ್ಟಮ್ಮನೇ ಮಾತು ತೆಗೆದಳು. ಚಂದ್ರಕ್ಕ ಬೀಸುವುದನ್ನು ಇಲ್ಲಿ ಕೂತು ಇಷ್ಟು ವರ್ಷ ನೋಡಿದ್ದೇವೆ, ನಮಗೆ ಬರುವುದಿಲ್ಲವೇ ಎಂದಳು. ಮಾಯಮ್ಮನ ಹತ್ತಿರ ಕೀಲಿ ಇತ್ತು. ದೀಪ ಹಚ್ಚಲು ಕೊಟ್ಟ ಕೀಲಿ ಎಂದು ನಾನು ನೆನಪಿಸಬೇಕಿತ್ತು. ನೆನಪಿಸಲಿಲ್ಲ. ನನಗೂ ಆಸೆಯಾಯಿತು.

ನೀವು ಮಿಷನ್ನು ಒಂದು ದಿನ ನಿಲ್ಲಿಸಿ ಮತ್ತೆ ಶುರು ಮಾಡುವಾಗ ಮೊದಲು ಅರಿಶಿನದ ಕೊಂಬು ಹಾಕುತ್ತೀರಿ ಎಂದು ಹೆಂಗಸರಿಗೆಲ್ಲ ಗೊತ್ತು. ಆ ದಿನಗಳಲ್ಲಿ ನಿಮ್ಮ ಉಗುರು ಹಳದಿ ಇರುತ್ತದೆ. ಮಂಗಳವಾರ ಬೆಳಿಗ್ಗೆ ಮಾಯಮ್ಮ ಸ್ನಾನ ಮಾಡಿ, ಕೈ ಮುಗಿದು, ಅರಿಶಿನ ಹಾಕಿದಳು. ಎಷ್ಟು ಹಾಕಬೇಕೆಂದು ತಿಳಿಯದು. ಶುಭಕ್ಕೆ ಕಡಿಮೆ ಮಾಡಬಾರದು ಎಂದು ಎರಡು ಸೇರು ಹಾಕಿದಳು. ಆಮೇಲೆ ಸಾಲಿನಲ್ಲಿದ್ದ ಒದ್ದೆ ಅಕ್ಕಿ ಸುರಿದಳು.

ಮುಂದೇನಾಯಿತೆಂದು ನಿಮಗೆ ಹೇಳಬೇಕಿಲ್ಲ. ಮೊದಲ ಡಬ್ಬ ಹಳದಿ ಬಂತು. ಶುಭ ಎಂದರು. ಎರಡನೆಯದೂ ಹಳದಿ. ಮಧ್ಯಾಹ್ನದವರೆಗೆ ಊರಿನ ಹಿಟ್ಟೆಲ್ಲ ಹಳದಿ. ಒದ್ದೆ ಹಿಟ್ಟು ಕಲ್ಲಿಗೆ ಮೆತ್ತಿಕೊಂಡು ಅರಿಶಿನವನ್ನು ಬಿಡಲೇ ಇಲ್ಲ. ಕಜ್ಜಾಯದ ಬಣ್ಣ ಬೆಲ್ಲದಲ್ಲಿ ಮುಚ್ಚಿಹೋಯಿತು, ವಾಸನೆ ಮುಚ್ಚಲಿಲ್ಲ. ಚಕ್ಕುಲಿ, ರೊಟ್ಟಿ, ಬಾಗಿಲ ಮುಂದಿನ ರಂಗೋಲಿ, ಎಲ್ಲವೂ ಹಳದಿ. ನರಕ ಚತುರ್ದಶಿಯ ಬೆಳಿಗ್ಗೆ ಬೀದಿಯಲ್ಲಿ ನಡೆದರೆ ಯಾರು ಯಾರು ನಿಮ್ಮ ಮಿಲ್ಲಿನವರು ಎಂದು ಹೊಸಿಲು ನೋಡಿಯೇ ಹೇಳಬಹುದಿತ್ತು. ನಾನು ಎಣಿಸಲು ಹೋಗಿ ಬಿಟ್ಟುಬಿಟ್ಟೆ. ಬೆಟ್ಟಮ್ಮನ ಅಳಿಯ ರೊಟ್ಟಿ ಎತ್ತಿ ನೋಡಿ, "ಏನತ್ತೆ, ಊರ್ಗೇ ಅರಿಸಿನ ಶಾಸ್ತ್ರ ಮಾಡ್ಬುಟ್ರಾ?" ಎಂದನಂತೆ.

ಮಾಯಮ್ಮ ಮೂರು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ನಿಮಗೆ ಮುಖ ತೋರಿಸುವುದು ಹೇಗೆ ಎಂದು ಅಳುತ್ತಾಳೆ. ಅರಿಶಿನವಾದ ಮೇಲೆ ಏನೋ ಒಂದು ಕೆಲಸವಿದೆ, ಅದು ನಮಗೆ ಕಾಣದೆ ನಡೆಯುತ್ತದೆ ಎಂಬುದಷ್ಟು ಈಗ ಅರ್ಥವಾಗಿದೆ. ಅದೇನು?

ಚಕ್ಕುಲಿ ತಿನ್ನಲು ಪರವಾಗಿಲ್ಲ.

ಇತಿ,
ಸರೋಜ


ಹೊಸಹೊಳಲು
7 ನವೆಂಬರ್ 2024

ಟೀಚರಿಗೆ,

ಕಾಗದ ಓದಿದ ದಿನ ಉತ್ತರ ಬರೆದಿದ್ದರೆ ನೀವು ಇನ್ನು ಮುಂದೆ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಯಾರನ್ನು ಕೇಳಿ ಬೀಗ ತೆಗೆದರು? ಯಜಮಾನರು ಬೆವರು ಸುರಿಸಿ ಕಟ್ಟಿದ ಹೆಸರು, ಒಂದು ಬೆಳಿಗ್ಗೆಗೆ ಹಳದಿಯಾಯಿತಲ್ಲ! ಬಟ್ಟೆ ಗಂಟು ಕಟ್ಟಿ ಹೊರಟೇಬಿಟ್ಟಿದ್ದೆ. ಅಕ್ಕ ಬಾಗಿಲಿಗೆ ಅಡ್ಡ ನಿಂತು ಕಾಗದ ಕಿತ್ತುಕೊಂಡು ಓದಿದಳು. ಓದಿ, ಚಕ್ಕುಲಿ ಡಬ್ಬ ತೆಗೆದು ಒಂದು ಬಾಯಿಗೆ ಹಾಕಿಕೊಂಡು, ನಗಲು ಶುರು ಮಾಡಿದಳು. ಅವಳ ನಗುವಿನ ಸದ್ದು ಅವಳಿಗೇ ಕೇಳುವುದಿಲ್ಲ, ಅದಕ್ಕೆ ಅಳತೆ ಇರುವುದಿಲ್ಲ. ಸೊಸೆ, ಮೊಮ್ಮಕ್ಕಳು ಓಡಿ ಬಂದರು. ಕೊನೆಗೆ ನನಗೂ ತಡೆಯಲಾಗಲಿಲ್ಲ.

ನಕ್ಕು ಮುಗಿದ ಮೇಲೆ ಅಕ್ಕ ಕೇಳಿದಳು: "ನೀನ್ಯಾಕೆ ಅದ್ನ ಬಾಗ್ಲು ಹಾಕ್ಕಂಡು ಮಾಡ್ತಿದ್ದೆ?" ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಅರಿಶಿನ ಹಾಕುವುದು ನಮ್ಮತ್ತೆಯ ಕಾಲದ ಪದ್ಧತಿ. ಒಂದೇ ಮುಷ್ಟಿ. ಅದಾದ ಮೇಲೆ ಕಲ್ಲು ತೊಳೆದುಕೊಳ್ಳಲು ಒಣ ನುಚ್ಚು ಬೀಸಿ ಹಸುವಿಗೆ ಹಾಕಬೇಕು, ಹಿಟ್ಟು ಬೆಳ್ಳಗೆ ಬರುವವರೆಗೆ. ಯಜಮಾನರಿದ್ದಾಗ ಎಲ್ಲರೆದುರಿಗೇ ಮಾಡುತ್ತಿದ್ದೆ. ಅವರು ತೀರಿಕೊಂಡ ವರ್ಷ, ಆಯುಧಪೂಜೆಯ ಮಾರನೆಯ ದಿನ ಅರಿಶಿನ ಕೈಗೆ ತೆಗೆದುಕೊಂಡೆ, ಸಾಲಿನಲ್ಲಿದ್ದ ಒಬ್ಬರು, ಯಾರೆಂದು ಹೇಳುವುದಿಲ್ಲ, ಈಗ ಅವರೂ ಇಲ್ಲ, "ಅರಿಸಿನ ಇವ್ಳ ಕೈಲಾ?" ಎಂದರು. ಮೆಲ್ಲಗೇ ಅಂದರು. ಮಿಷನ್ನು ಇನ್ನೂ ಹಾಕಿರಲಿಲ್ಲ, ಕೇಳಿಸಿತು. ಗಂಡನಿಲ್ಲದವಳು ಹಾಕಿದ ಅರಿಶಿನ ಊರಿನ ಹಿಟ್ಟಿಗೆ ಶುಭವಲ್ಲ ಎಂದು ನಾಲ್ಕು ಜನಕ್ಕೆ ಅನ್ನಿಸಿದರೆ ಮಿಲ್ಲು ಉಳಿಯುವುದಿಲ್ಲ. ಪದ್ಧತಿ ಬಿಡಲೂ ಮನಸ್ಸಾಗಲಿಲ್ಲ. ಆವತ್ತಿನಿಂದ ಜನ ಬರುವ ಮುಂಚೆಯೇ ಎದ್ದು, ಬಾಗಿಲು ಹಾಕಿಕೊಂಡು, ಅರಿಶಿನ, ನುಚ್ಚು ಎರಡನ್ನೂ ಮುಗಿಸಿ ಕಸ ಗುಡಿಸಿ ಬಾಗಿಲು ತೆಗೆಯುತ್ತೇನೆ. ಆ ಮುಚ್ಚಿದ ಕೋಣೆಯ ಧೂಳೇ ನನ್ನ ಎದೆಯಲ್ಲಿ ಕೂತಿರುವುದು ಎಂದು ಅಕ್ಕ ಹೇಳುತ್ತಾಳೆ. ಇರಬಹುದು.

ನನ್ನ ಉಗುರಿನ ಬಣ್ಣ ನಿಮಗೆಲ್ಲ ಇಷ್ಟು ವರ್ಷ ಕಾಣುತ್ತಿತ್ತು ಎಂದು ನೀವು ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಕಂಡೂ ಯಾರೂ ಏನೂ ಅನ್ನಲಿಲ್ಲವೇ?

ಮಾಯಮ್ಮನಿಗೆ ಊಟ ಮಾಡಲು ಹೇಳಿ. ತಪ್ಪು ಅವಳದಲ್ಲ, ಬಾಗಿಲಿನದು.

ಚಂದ್ರಕಲ


ಬಾಬುರಾಯನಕೊಪ್ಪಲು
13 ನವೆಂಬರ್ 2024

ಚಂದ್ರಕಲಾ ಅವರಿಗೆ,

ನಿಮ್ಮ ಕಾಗದವನ್ನು ಜಗಲಿಯ ಮೇಲೆ ಓದಿ ಹೇಳಿದೆ. ಕೆಳಗಿನದು ಮಾಯಮ್ಮ ಹೇಳಿದ್ದು. ಅವಳು ಹೇಳಿದ ಹಾಗೇ ಬರೆದಿದ್ದೇನೆ, ನಾನು ಒಂದಕ್ಷರವನ್ನೂ ತಿದ್ದಿಲ್ಲ.

"ಚಂದ್ರಕ್ಕ, ನಾನು ಮಾಯಿ. ಅರಿಸಿನ ಯಾರ್ ಹಾಕುದ್ರೂ ಅರಿಸಿನಾನೇ ಕಣಕ್ಕ. ನೀನು ಹಾಕ್ತೀಯ ಅಂತ ನಮ್ಗೆ ಅವತ್ನಿಂದ್ಲೂ ಗೊತ್ತಿತ್ತು. ನೀನು ಬಾಗ್ಲು ಹಾಕ್ಕಂಡಿದ್ಕೆ, ಇವ್ಳಿಗೆ ನಾವ್ ನೋಡೋದು ಬ್ಯಾಡ ಅಂತ ಸುಮ್ಕಿದ್ವಿ. ನೀನು ನಮ್ಗೆದ್ರುಕೊಂಡೆ, ನಾವು ನಿನ್ಗೆದ್ರುಕೊಂಡ್ವಿ, ಅಷ್ಟೇಯ. ನಮ್ ಮನೇಲಿ ದೊಡ್ಡ ಮಗ್ಳ ಮದ್ವೆ ಅರಿಸಿನಾನೂ ನಿನ್ ಮಿಲ್ಲಲ್ಲೇ ಬೀಸ್ಸಿದ್ದು, ಮೊಮ್ಮಗೀಗೆ ಈಗ ಎಲ್ಡು ವರ್ಸ, ಗುಂಡ್ಕಲ್ಲಂಗವ್ಳೆ. ನುಚ್ಚು ಹಾಕೋದು ಕಲ್ತ್ಕಂಡ್ವಿ. ನಾನು, ಬೆಟ್ಟಮ್ಮ, ಇನ್ನಿಬ್ರು ಪಾಳಿ ಮಾಡ್ಕಂಡಿದೀವಿ, ಮೂತಿಗೆ ಬಟ್ಟೆ ಕಟ್ಕಂಡೇ ಬೀಸ್ತೀವಿ. ಈಗ ಹಿಟ್ಟು ಬೆಳ್ಳಗದೆ. ನೀನು ಒಸಿ ನಿಧಾನ್ಕೇ ಬಾ. ಆದ್ರೆ ಬಾ."

ಇಷ್ಟು ಹೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡು, ಕರೆಂಟು ಬಂತೆಂದು ಎದ್ದು ಹೋದಳು.

ಸರೋಜ


ಬಾಬುರಾಯನಕೊಪ್ಪಲು
2 ಡಿಸೆಂಬರ್ 2024

ಅಕ್ಕನಿಗೆ ಚಂದ್ರಿಯ ನಮಸ್ಕಾರ.

ಬಂದು ವಾರವಾಯಿತು, ಈಗ ಬರೆಯುತ್ತಿದ್ದೇನೆ. ಬೈಯಬೇಡ. ಕೃಷ್ಣ ಬಸ್ಸು ಹತ್ತಿಸಿದವನು ತಾನೇ ಮಿಲ್ಲಿನವರೆಗೂ ಬಂದುಬಿಟ್ಟ, ನೀನೇ ಹೇಳಿ ಕಳಿಸಿದ್ದೆಯಂತೆ. ನಾನು ಓಡಿಹೋಗಿ ಮಿಷನ್ನು ಹಾಕಿಬಿಡುತ್ತೇನೆ ಎಂದು ಕಾವಲು!

ಮೊದಲ ದಿನವೇ ಮಾಯಮ್ಮ ಮಿಷನ್ನು ನಿಲ್ಲಿಸಿ ಅರಿಶಿನದ ತಟ್ಟೆ ತಂದು ನನ್ನ ಕೈಗೆ ಕೊಟ್ಟಳು. ನಾನು ಬಾಗಿಲ ಕಡೆ ತಿರುಗಿದೆ, ಅಭ್ಯಾಸ ನೋಡು. "ತಗ್ದೇ ಇರ್ಲಿ ಬುಡಕ್ಕ" ಎಂದಳು. ಜಗಲಿಯ ತುಂಬ ಜನ, ಸರೋಜ ಟೀಚರು ಪೇಪರು ಮಡಿಚಿ ಎದ್ದು ನಿಂತಿದ್ದರು. ಒಂದು ಮುಷ್ಟಿ ಹಾಕಿದೆ. ಎರಡು ಕೊಂಬು ಕೆಳಗೆ ಬಿದ್ದವು, ಬೆಟ್ಟಮ್ಮ ಎತ್ತಿ ಕಣ್ಣಿಗೊತ್ತಿಕೊಂಡು ಕಲ್ಲಿನ ಬಾಯಿಗೆ ಹಾಕಿದಳು. ಆಮೇಲೆ ನುಚ್ಚು. ಅಷ್ಟೇ ಅಕ್ಕ. ಇಷ್ಟಕ್ಕೆ ನಾನು ಇಷ್ಟು ವರ್ಷ ಬಾಗಿಲು ಹಾಕಿಕೊಂಡಿದ್ದೆ.

ಇನ್ನು ನಾನು ವಾರದಲ್ಲಿ ಮೂರು ದಿನ, ಅದೂ ಮಧ್ಯಾಹ್ನದವರೆಗೆ. ಉಳಿದದ್ದು ಅವರ ಪಾಳಿ. ಹಿಟ್ಟು ಬೀಳುವ ಕಡೆ ದಪ್ಪ ಬಟ್ಟೆಯ ಚೀಲ ಕಟ್ಟಿದ್ದಾರೆ. ಬರುವ ಹಬ್ಬಗಳನ್ನೂ ಹಂಚಿಕೊಂಡಾಯಿತು, ಯುಗಾದಿ ನನಗೆ ರಜ ಎಂದು ನನ್ನನ್ನು ಕೇಳದೆಯೇ ಬರೆದುಕೊಂಡಿದ್ದಾರೆ. ರಸ್ತೆಯ ಮಿಲ್ಲಿಗೆ ಕೆಲವರು ಈಗಲೂ ಹೋಗುತ್ತಾರೆ. ಹೋಗಲಿ, ಅವರಿಗೂ ಹೊಟ್ಟೆಯಿದೆ.

ಈಗ ನಿನ್ನೆಯ ಸಂಗತಿ. ಅದಕ್ಕೇ ಈ ಕಾಗದ. ನಿನ್ನೆ ಭಾನುವಾರ, ಬೆಟ್ಟಮ್ಮನ ಪಾಳಿ. ನನ್ನ ಮನೆಯಲ್ಲೇ ರಾಗಿ ಹಿಟ್ಟು ಮುಗಿದಿತ್ತು. ಡಬ್ಬ ತೆಗೆದುಕೊಂಡು ಒಳಗೆ ಹೋದರೆ ಅವಳು ಬಾಗಿಲಲ್ಲೇ ತಡೆದಳು. "ಎಲ್ಗವ್ವ? ಸಾಲಲ್ಲಿ ಮಡುಗು" ಎಂದಳು. ನನ್ನ ಮಿಲ್ಲಿನಲ್ಲಿ ನನಗೇ ಸಾಲು! ಎಲ್ಲರೂ ನಕ್ಕರು. ಇಟ್ಟೆ, ಕಟ್ಟಕಡೆಯಲ್ಲಿ. ಜಗಲಿಯ ಮೇಲೆ ಜಾಗ ಮಾಡಿಕೊಟ್ಟರು, ಕೂತೆ. ಇಷ್ಟು ವರ್ಷದಲ್ಲಿ ಆ ಜಗಲಿಯ ಮೇಲೆ ನಾನು ಒಂದು ದಿನವೂ ಕೂತಿರಲಿಲ್ಲ ಎಂದು ಕೂತ ಮೇಲೆ ಗೊತ್ತಾಯಿತು. ಅಲ್ಲಿಂದ ಮಿಲ್ಲಿನ ಸದ್ದು ಬೇರೆ ಥರ ಕೇಳುತ್ತದೆ. ಬೆನ್ನು ಗೋಡೆಗೆ ಒರಗಿಸಿದರೆ ಸದ್ದು ಗೋಡೆಯಿಂದ ಮೈಗೆ ಬರುತ್ತದೆ. ನೀನೊಂದು ಸಲ ಬಂದಿದ್ದಾಗ ಆ ಗೋಡೆಗೆ ಅಂಗೈ ಇಟ್ಟು ನಕ್ಕಿದ್ದು ನೆನಪಾಯಿತು. ನಿನಗೆ ಕೇಳಿಸಿದ್ದು ಇದೇ ಇರಬೇಕು. ಟೀಚರು ಯಾವುದೋ ಸುದ್ದಿ ಓದುತ್ತಿದ್ದರು, ಯಾರೋ ಅವರೆಕಾಯಿ ಬಿಡಿಸುತ್ತಿದ್ದರು.

ಅಷ್ಟೇ ಗೊತ್ತು. ನಿದ್ದೆ ಹೋಗಿಬಿಟ್ಟೆ ಅಕ್ಕ. ಹಾಡುಹಗಲಲ್ಲಿ, ಜನರ ಮಧ್ಯೆ, ಬಾಯಿ ತೆರೆದುಕೊಂಡು. ನಿನ್ನ ಮನೆಯ ಮೆತ್ತನೆ ಹಾಸಿಗೆಯಲ್ಲಿ ಬರದ ನಿದ್ದೆ ಆ ಸದ್ದಿನಲ್ಲಿ ಬಂತು.

ಎಚ್ಚರವಾದಾಗ ಬಿಸಿಲು ಜಗಲಿಯಿಂದ ಇಳಿದಿತ್ತು. ಎದ್ದವಳೇ ಡಬ್ಬದ ಸಾಲಿನ ತುದಿ ನೋಡಿದೆ, ನನ್ನ ಡಬ್ಬ ಅಲ್ಲಿರಲಿಲ್ಲ. ಆಮೇಲೆ ನೋಡಿದರೆ ಅದು ಮಿಷನ್ನಿನ ಪಕ್ಕದಲ್ಲಿ, ಎಲ್ಲಕ್ಕಿಂತ ಮುಂದೆ ಇತ್ತು. ಒಬ್ಬೊಬ್ಬರಾಗಿ ತಳ್ಳಿಕೊಂಡು ಬಂದಿದ್ದರು. ಯಾರೂ ನನ್ನನ್ನು ಎಬ್ಬಿಸಿರಲಿಲ್ಲ.

ಸಂಕ್ರಾಂತಿಗೆ ಎಳ್ಳು ಬೆಲ್ಲ ತೆಗೆದುಕೊಂಡು ನಾನೇ ಬರುತ್ತೇನೆ, ನಿನ್ನ ಮಂಡಿಗೆ ಬಿಡುವು ಕೊಡು.

ನಿನ್ನ,
ಚಂದ್ರಿ